ರನ್ ಅಂದರೆ ಬರೀ ಓಡುವುದಲ್ಲ

ಇಂಗ್ಲಿಷಿನ 'ರನ್' ಮೂರೇ ಅಕ್ಷರದ ಪದ. ಇಂಗ್ಲಿಷ್ ಕಲಿಯಲು ಶುರು ಮಾಡಿದ ಹೊಸತರಲ್ಲೇ ಸಿಗುತ್ತದೆ, ಅರ್ಥ 'ಓಡು' ಅಂತ ಬರೆದುಕೊಳ್ಳುತ್ತೇವೆ, ಅಲ್ಲಿಗೆ ಅದರ ಕಥೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಪದವನ್ನು ಮತ್ತೆ ಪರಿಷ್ಕರಿಸಿದಾಗ, 2011ರ ಹೊತ್ತಿಗೆ, ಕ್ರಿಯಾಪದ ಒಂದಕ್ಕೇ 645 ಅರ್ಥಗಳು ಸಿಕ್ಕವು. ನಾಮಪದವಾಗಿ ಬಳಸುವಾಗಿನ ಅರ್ಥಗಳು ಇದರಲ್ಲಿ ಸೇರಿಲ್ಲ. ಪೀಟರ್ ಗಿಲಿವರ್ ಎಂಬ ಸಂಪಾದಕರು ಈ ಒಂದೇ ಪದಕ್ಕಾಗಿ ಸುಮಾರು ಒಂಬತ್ತು ತಿಂಗಳು ಕೂತು ಕೆಲಸ ಮಾಡಿದರು. ಅದಕ್ಕೂ ಮೊದಲು, 1989ರ ಎರಡನೇ ಆವೃತ್ತಿಯಲ್ಲಿ, ಅತಿ ಹೆಚ್ಚು ಜಾಗ ಹಿಡಿದಿದ್ದ ಪದ 'ಸೆಟ್'. ಅದರ ಕ್ರಿಯಾಪದಕ್ಕೆ ಅಲ್ಲಿ 430 ಅರ್ಥಗಳಿದ್ದವು.

645 ಅಂದ ತಕ್ಷಣ ಗಾಬರಿ ಬೇಡ. ಇಂಗ್ಲಿಷ್ ಮನೆಮಾತಾದವರು ಕೂಡ ಇವನ್ನು ಪಟ್ಟಿ ಮಾಡಿ ಕಲಿತವರಲ್ಲ. ಆ ಲೆಕ್ಕದಲ್ಲಿ ಈಗ ಯಾರೂ ಬಳಸದ ಹಳೆಯ ಅರ್ಥಗಳಿವೆ, ಕೂದಲೆಳೆಯಷ್ಟು ಮಾತ್ರ ಬೇರೆಯಾದ ಅರ್ಥಗಳಿವೆ, ಪಕ್ಕದಲ್ಲಿ ಒಂದು ಪುಟ್ಟ ಪದ ಸೇರಿದ್ದಕ್ಕೇ ಹುಟ್ಟಿಕೊಂಡ ಅರ್ಥಗಳೂ ಇವೆ. ಇಷ್ಟೆಲ್ಲದರ ಒಳಗೆ ಒಂದು ಎಳೆ ಇದೆ. ನಾವು ಕಲಿಯುವ 'ಓಡು' ಆ ಎಳೆಯ ಒಂದು ತುದಿ ಮಾತ್ರ. ತಡೆಯಿಲ್ಲದೆ ಸಾಗುತ್ತಾ ಇರುವುದು, ಅದೇ 'ರನ್' ಪದದ ಜೀವ. ಕಾಲು ಸಾಗಿದರೂ ಸರಿ, ನೀರು ಸಾಗಿದರೂ ಸರಿ, ಯಂತ್ರ, ಸಮಯ, ಕೆಲಸ, ಯಾವುದು ಸಾಗಿದರೂ ಸರಿ.

ಹೀಗೆ ಹೇಳುವುದಕ್ಕೆ ಪದದ ಇತಿಹಾಸವೂ ಒತ್ತಾಸೆಯಾಗಿದೆ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲ ರೂಪ 'ರಿನ್ನನ್'. ಅದಕ್ಕೆ ಓಡುವುದು, ಹರಿಯುವುದು ಎರಡೂ ಅರ್ಥ ಇದ್ದವು. ಅದರ ನೆಂಟರು ಜರ್ಮನ್ ಭಾಷೆಯಲ್ಲಿ ಈಗಲೂ ಇದ್ದಾರೆ: 'ರೆನ್ನೆನ್' ಅಂದರೆ ಓಡು, 'ರಿನ್ನೆನ್' ಅಂದರೆ ಹರಿ. ಜರ್ಮನ್ನರು ಎರಡು ಪದ ಇಟ್ಟುಕೊಂಡರು, ಇಂಗ್ಲಿಷಿನಲ್ಲಿ ಎರಡೂ ಒಂದರಲ್ಲೇ ಬೆರೆತುಹೋದವು. ಹಾಲನ್ನು ಗಟ್ಟಿ ಮಾಡಿ ಚೀಸ್ ತಯಾರಿಸಲು ಬಳಸುವ 'ರೆನೆಟ್' ಕೂಡ ಇದೇ ಬೇರಿನ ಪದ. ಹಾಲಿನ ಅಂಶಗಳು ಒಂದೆಡೆ ಸೇರಿ ಹೆಪ್ಪುಗಟ್ಟುವುದನ್ನು ಹಿಂದೆ 'ರನ್' ಅನ್ನುತ್ತಿದ್ದರು.

ಹರಿಯುವ ಕಡೆಯಿಂದಲೇ ಶುರು ಮಾಡೋಣ. ನದಿ ರನ್ ಆಗುತ್ತದೆ, ಕಣ್ಣೀರು ಕೆನ್ನೆಯ ಮೇಲೆ ರನ್ ಆಗುತ್ತದೆ. ನೆಗಡಿ ಆದಾಗ 'ಮೈ ನೋಸ್ ಈಸ್ ರನ್ನಿಂಗ್' ಅನ್ನುತ್ತಾರೆ, ಮೂಗು ಸೋರುತ್ತಿದೆ ಅಂತ. ಬಟ್ಟೆ ಒಗೆದಾಗ ಬಣ್ಣ ಬಿಟ್ಟರೆ 'ದ ಕಲರ್ಸ್ ರನ್'. ಒದ್ದೆ ಕಾಗದದ ಮೇಲೆ ಶಾಯಿ ಹರಡಿದರೂ ಅದೇ ಪದ. ನೀರನ್ನು ಹರಿಯಬಿಡುವುದಕ್ಕೂ ಇದೇ ಸಾಕು: 'ರನ್ ದ ಟ್ಯಾಪ್' ಅಂದರೆ ನಲ್ಲಿ ಬಿಡು, 'ರನ್ ಎ ಬಾತ್' ಅಂದರೆ ಸ್ನಾನದ ತೊಟ್ಟಿಗೆ ನೀರು ತುಂಬಿಸು. ಸ್ನಾನಕ್ಕೆ ಓಡಿಹೋಗು ಅಂತ ಅರ್ಥ ಮಾಡಿಕೊಂಡರೆ ಕೆಟ್ಟೆವು.

ಇಲ್ಲಿಂದ ಮುಂದಿನ ಹೆಜ್ಜೆ ನನಗೆ ತುಂಬ ಇಷ್ಟ. 'ದ ರೋಡ್ ರನ್ಸ್ ಅಲಾಂಗ್ ದ ರಿವರ್.' ರಸ್ತೆ ನದಿಯ ಪಕ್ಕದಲ್ಲೇ ಸಾಗುತ್ತದೆ. ನಿಜವಾಗಿ ನೋಡಿದರೆ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಸಾಗುವುದು ಅದನ್ನು ನೋಡುವವರ ಕಣ್ಣು, ಮನಸ್ಸು. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇಂಥದ್ದಕ್ಕೆ 'ಫಿಕ್ಟಿವ್ ಮೋಷನ್' ಅಂತ ಹೆಸರಿಟ್ಟರು, ಕಲ್ಪಿತ ಚಲನೆ ಅನ್ನಬಹುದು. ಬೇಲಿ, ಗೋಡೆ, ತಂತಿ, ಬೆಟ್ಟದ ಸಾಲು, ಮುಖದ ಮೇಲಿನ ಗಾಯದ ಗುರುತು, ಉದ್ದಕ್ಕೆ ಚಾಚಿಕೊಂಡ ಎಲ್ಲವೂ ಇಂಗ್ಲಿಷಿನಲ್ಲಿ 'ರನ್' ಆಗುತ್ತವೆ. ಕನ್ನಡದಲ್ಲೂ ದಾರಿ ಕಾಡಿನೊಳಗೆ ಹೋಗುತ್ತದೆ ಅನ್ನುತ್ತೇವೆ, ಅಲ್ವಾ? ಇದೇ ಜಾಡಿನಲ್ಲಿ ಇನ್ನೊಂದು: 'ಇಟ್ ರನ್ಸ್ ಇನ್ ದ ಫ್ಯಾಮಿಲಿ.' ಒಂದು ಗುಣವೋ ಕಾಯಿಲೆಯೋ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ ಅಂತ. ರಕ್ತದಲ್ಲೇ ಬಂದಿದೆ ಅನ್ನುವ ನಮ್ಮ ಮಾತಿಗೆ ಇದು ತೀರಾ ಹತ್ತಿರ.

ಜಾಗದಲ್ಲಿ ಸಾಗುವುದು ಕಾಲದಲ್ಲೂ ಸಾಗುತ್ತದೆ. ನಾಟಕ ಎರಡು ವರ್ಷ 'ರನ್' ಆಯಿತು ಅಂದರೆ ಅಷ್ಟು ದಿನ ಪ್ರದರ್ಶನ ಕಂಡಿತು. 'ದ ಕಾಂಟ್ರಾಕ್ಟ್ ರನ್ಸ್ ಟಿಲ್ ಜೂನ್' ಅಂದರೆ ಕರಾರು ಜೂನ್‌ವರೆಗೆ ಜಾರಿಯಲ್ಲಿರುತ್ತದೆ. ಪತ್ರಿಕೆಯವರು ಒಂದು ಸುದ್ದಿಯನ್ನು 'ರನ್' ಮಾಡಿದರು ಅಂದರೆ ಪ್ರಕಟಿಸಿದರು.

ಆಮೇಲೆ ಯಂತ್ರಗಳು ಬಂದವು. ಗಡಿಯಾರ, ಗಿರಣಿ, ಎಂಜಿನ್, ರೈಲು, ಪ್ರತಿಯೊಂದೂ ಈ ಪದದ ಹೆಗಲಿಗೆ ಬಿತ್ತು. ಎಂಜಿನ್ ರನ್ ಆಗುತ್ತಿದೆ ಅನ್ನುವುದಕ್ಕೆ ಗಾಡಿ ಜಾಗ ಬಿಟ್ಟು ಕದಲಬೇಕಾಗಿಲ್ಲ, ಒಳಗೆ ಕೆಲಸ ನಡೆಯುತ್ತಿದ್ದರೆ ಸಾಕು. 'ದ ಕಾರ್ ರನ್ಸ್ ಆನ್ ಡೀಸಲ್' ಅಂದರೆ ಅದು ಡೀಸಲ್ ಗಾಡಿ. 'ದ ಬಸ್ ರನ್ಸ್ ಎವೆರಿ ಟೆನ್ ಮಿನಿಟ್ಸ್' ಅಂದರೆ ಹತ್ತು ನಿಮಿಷಕ್ಕೊಂದು ಬಸ್ ಇದೆ. ಕೊನೆಗೆ ಕಂಪ್ಯೂಟರ್ ಬಂತು. ಪ್ರೋಗ್ರಾಂ ರನ್ ಮಾಡು, ಟೆಸ್ಟ್ ರನ್ ಮಾಡು, ಹಿನ್ನೆಲೆಯಲ್ಲಿ ಏನೇನೋ ರನ್ ಆಗುತ್ತಿದೆ. ಹೊಸದೊಂದು ಯಂತ್ರ ಬಂದಾಗೆಲ್ಲ ಹೊಸ ಪದ ಹುಡುಕುವ ಬದಲು ಜನ ಹಳೆಯ ಪದವನ್ನೇ ಎಳೆದು ಹೊದಿಸಿದರು. 'ರನ್' ಅರ್ಥಗಳು ಬೆಳೆದದ್ದರಲ್ಲಿ ಯಂತ್ರಗಳ ಪಾಲು ದೊಡ್ಡದು.

ಕನ್ನಡದ 'ಓಡು' ಕೂಡ ಕಮ್ಮಿಯೇನಿಲ್ಲ. ಸಿನಿಮಾ ಚೆನ್ನಾಗಿ ಓಡಿತು, ಗಡಿಯಾರ ಓಡುತ್ತಿಲ್ಲ, ತಲೆ ಓಡುತ್ತಿಲ್ಲ, ಪತ್ರಿಕೆಯ ಮೇಲೆ ಕಣ್ಣೋಡಿಸಿದೆ, ಎಲ್ಲವನ್ನೂ ಸಲೀಸಾಗಿ ಅನ್ನುತ್ತೇವೆ. ಇಲ್ಲಿಯವರೆಗೆ ಎರಡೂ ಭಾಷೆ ಜೊತೆಜೊತೆಗೇ ಬರುತ್ತವೆ, ಹಾಗಾಗಿ ನಮಗೆ ಕಷ್ಟ ಆಗುವುದಿಲ್ಲ. ತೊಡಕು ಶುರುವಾಗುವುದು ದಾರಿ ಕವಲೊಡೆದಲ್ಲಿ. 'ಶಿ ರನ್ಸ್ ಎ ಕಂಪನಿ' ಅಂತ ಇಂಗ್ಲಿಷಿನವರು ಕಂಪನಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಕಂಪನಿ ನಡೆಸು, ಶಾಲೆ ನಡೆಸು, ಸರ್ಕಾರ ನಡೆಸು, ಸಂಸಾರ ನಡೆಸು. ಆಡಳಿತಕ್ಕೆ ಇಂಗ್ಲಿಷ್ ಆರಿಸಿಕೊಂಡದ್ದು ಓಟ, ಕನ್ನಡ ಆರಿಸಿಕೊಂಡದ್ದು ನಡಿಗೆ.

ಚುನಾವಣೆಯ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯ. ಅಮೆರಿಕದವರು ಅಧ್ಯಕ್ಷ ಸ್ಥಾನಕ್ಕೆ 'ರನ್' ಮಾಡುತ್ತಾರೆ. ಬ್ರಿಟನ್ನಿನವರು ಪಾರ್ಲಿಮೆಂಟಿಗೆ 'ಸ್ಟ್ಯಾಂಡ್' ಆಗುತ್ತಾರೆ. ಒಂದೇ ಭಾಷೆ, ಒಂದೇ ಕೆಲಸ, ಒಬ್ಬರು ಓಡುತ್ತಾರೆ, ಇನ್ನೊಬ್ಬರು ನಿಲ್ಲುತ್ತಾರೆ. ಕನ್ನಡದಲ್ಲೂ ಚುನಾವಣೆಗೆ ನಿಲ್ಲುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಅಭ್ಯರ್ಥಿಯ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವವರನ್ನು 'ರನ್ನಿಂಗ್ ಮೇಟ್' ಅನ್ನುವುದು ಕುದುರೆ ಪಂದ್ಯದಿಂದ ಬಂದ ಮಾತು.

ಈಗ ಜಾಸ್ತಿ ಜನ ಗಮನಿಸದ ಒಂದು ಬಳಕೆ. 'ದ ವೆಲ್ ರ್‍ಯಾನ್ ಡ್ರೈ.' ಬಾವಿ ಬತ್ತಿಹೋಯಿತು. ಇಲ್ಲಿ ರನ್ ಅಂದರೆ ಓಡುವುದೂ ಅಲ್ಲ, ನಡೆಸುವುದೂ ಅಲ್ಲ, ಬರೀ 'ಆಗು'. ಅದರ ಮುಂದೆ ಒಂದು ಗುಣವಾಚಕ ಬಂದು ಕೂತರೆ ಸಾಕು, ರನ್ ತನ್ನ ವೇಗವನ್ನೆಲ್ಲ ಬಿಟ್ಟು ಆ ಸ್ಥಿತಿಗೆ ಜಾರುವುದನ್ನು ಮಾತ್ರ ಹೇಳುತ್ತದೆ. 'ರನ್ ಲೋ' ಅಂದರೆ ಕಮ್ಮಿ ಆಗುತ್ತಾ ಬರುವುದು. 'ರನ್ ಶಾರ್ಟ್' ಅಂದರೆ ಸಾಲದೆ ಹೋಗುವುದು. 'ರನ್ ವೈಲ್ಡ್' ಅಂದರೆ ಹದ್ದುಮೀರುವುದು. 'ರನ್ನಿಂಗ್ ಲೇಟ್' ಅಂದರೆ ತಡವಾಗುತ್ತಿದೆ. ಸಭೆಯಲ್ಲಿ 'ಫೀಲಿಂಗ್ಸ್ ರ್‍ಯಾನ್ ಹೈ' ಅಂತ ಓದಿದರೆ ಅಲ್ಲಿ ಎಲ್ಲರಿಗೂ ಆವೇಶ ಏರಿತ್ತು ಅಂತ ತಿಳಿಯಬೇಕು. ಗಮನಿಸಿ ನೋಡಿ, ಈ ಜಾತಿಯ ಮಾತುಗಳಲ್ಲಿ ಬಹುಪಾಲು ಕೊರತೆ ಅಥವಾ ಅತಿರೇಕದ ಕಡೆಗೇ ವಾಲುತ್ತವೆ. ಬಾವಿ ತುಂಬಿತು ಅನ್ನಲು 'ರ್‍ಯಾನ್ ಫುಲ್' ಅಂತ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಇಷ್ಟಾದ ಮೇಲೂ ನಿಜವಾದ ಕಷ್ಟ ಬೇರೆಯೇ ಇದೆ. ಅದು ಔಟ್, ಇನ್‌ಟು, ಓವರ್, ಅಪ್, ಡೌನ್, ಆಫ್, ಥ್ರೂ ಎಂಬ ಪುಟ್ಟ ಪದಗಳದ್ದು. ಇವು ರನ್ ಜೊತೆ ಸೇರಿದರೆ ಪ್ರತಿ ಜೋಡಿಯೂ ಹೊಸ ಪದ ಅಂತಲೇ ಎಣಿಸಬೇಕು.

'ರನ್ ಔಟ್' ನೋಡಿ. ಹಾಲು ರನ್ ಔಟ್ ಆಯಿತು ಅಂದರೆ ಮುಗಿಯಿತು. ಪರವಾನಗಿಯ ಅವಧಿ ತೀರಿದರೂ ರನ್ ಔಟ್. ಮುಗಿದ ವಸ್ತು ವಾಕ್ಯದ ಮೊದಲಲ್ಲಿದ್ದರೆ 'ಔಟ್' ಸಾಕು: 'ದ ಮಿಲ್ಕ್ ರ್‍ಯಾನ್ ಔಟ್.' ಯಾರ ಹತ್ತಿರ ಮುಗಿಯಿತೋ ಅವರು ಮೊದಲಲ್ಲಿದ್ದರೆ ಒಂದೇ ಎಫ್ ಇರುವ 'ಆಫ್' ಕಡ್ಡಾಯ: 'ವಿ ರ್‍ಯಾನ್ ಔಟ್ ಆಫ್ ಮಿಲ್ಕ್.' ಆ 'ಆಫ್' ಬಿಟ್ಟು 'ವಿ ರ್‍ಯಾನ್ ಔಟ್' ಅಂತಷ್ಟೇ ಹೇಳಿದರೆ, ಸಂದರ್ಭ ಗೊತ್ತಿಲ್ಲದವರಿಗೆ ನಾವು ಹೊರಗೆ ಓಡಿದೆವು ಅಂತ ಕೇಳಿಸುತ್ತದೆ. ಇನ್ನು 'ರನ್ ಔಟ್ ಆನ್ ಸಮ್‌ಒನ್' ಅಂದರೆ ಜೊತೆಗಿದ್ದವರನ್ನು ಕೈಬಿಟ್ಟು ಹೋಗುವುದು. ಕ್ರಿಕೆಟ್ಟಿನ ರನೌಟಂತೂ ಎಲ್ಲರಿಗೂ ಗೊತ್ತು.

'ಐ ರ್‍ಯಾನ್ ಇನ್‌ಟು ಎ ಫ್ರೆಂಡ್' ಅಂದರೆ ಗೆಳೆಯ ಅಚಾನಕ್ಕಾಗಿ ಸಿಕ್ಕಿದ. 'ಐ ರ್‍ಯಾನ್ ಇನ್‌ಟು ಎ ವಾಲ್' ಅಂದರೆ ಗೋಡೆಗೆ ಡಿಕ್ಕಿ ಹೊಡೆದೆ. 'ವಿ ರ್‍ಯಾನ್ ಇನ್‌ಟು ಟ್ರಬಲ್' ಅಂದರೆ ತೊಂದರೆಗೆ ಸಿಕ್ಕಿಕೊಂಡೆವು. ಮೂರರಲ್ಲೂ ಎದುರಾಗುವುದು ಇದೆ, ಎದುರಾದದ್ದು ಏನು ಅನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಆದರೆ 'ಐ ರ್‍ಯಾನ್ ಓವರ್ ಎ ಫ್ರೆಂಡ್' ಅಂತ ಮಾತ್ರ ತಪ್ಪಿಯೂ ಬರೆಯಬೇಡಿ. ಅದು ಅವರ ಮೇಲೆ ಗಾಡಿ ಹತ್ತಿಸಿದ ಹಾಗೆ. ಸಭೆ 'ರ್‍ಯಾನ್ ಓವರ್' ಅಂದರೆ ನಿಗದಿಯಾದ ಸಮಯ ಮೀರಿತು, ಅಷ್ಟೇ.

'ರನ್ ಡೌನ್' ಮೊಬೈಲ್ ಬ್ಯಾಟರಿಗೆ ಹೇಳಿದರೆ ಚಾರ್ಜ್ ಇಳಿಯುವುದು, ಮನುಷ್ಯನಿಗೆ ಹೇಳಿದರೆ ಸೋತು ಸುಸ್ತಾಗಿರುವುದು, ಕಟ್ಟಡಕ್ಕೆ ಹೇಳಿದರೆ ಪಾಳು ಬೀಳುತ್ತಿರುವುದು. ಒಬ್ಬರ ಬಗ್ಗೆ ಇನ್ನೊಬ್ಬರು ಕೀಳಾಗಿ ಮಾತಾಡಿದರೂ 'ರನ್ ಡೌನ್' ಅನ್ನುತ್ತಾರೆ. 'ರನ್ ಅಪ್ ಎ ಬಿಲ್' ಅಂದರೆ ಬಾಕಿ ಬೆಳೆಸುವುದು. 'ರನ್ ಥ್ರೂ' ಅಂದರೆ ಮೇಲ್ಮೇಲೆ ಒಮ್ಮೆ ನೋಡಿಕೊಂಡು ಹೋಗುವುದು, ನಾಟಕದವರಿಗೆ ಅದು ಒಂದು ಸುತ್ತಿನ ತಾಲೀಮು. ಕಚೇರಿಗಳಲ್ಲಿ 'ರನ್ ಇಟ್ ಬೈ ಮಿ' ಅಂತ ದಿನವೂ ಕೇಳುತ್ತೇವೆ: ಮುಂದುವರಿಯುವ ಮೊದಲು ನನಗೊಮ್ಮೆ ಹೇಳಿ, ನನ್ನ ಅಭಿಪ್ರಾಯ ಕೇಳಿ ಅಂತ. ಎರಡು ಎಫ್ ಇರುವ 'ರನ್ ಆಫ್' ಅಂತೂ ಪಲಾಯನ ಮಾಡುವುದಕ್ಕೂ, ಪ್ರತಿಗಳನ್ನು ಮುದ್ರಿಸುವುದಕ್ಕೂ ಆಗುತ್ತದೆ. ನಾಮಪದವಾದರೆ ಮಳೆ ಬಿದ್ದು ನೆಲದ ಮೇಲೆ ಹರಿದುಹೋಗುವ ನೀರೂ ಅದೇ, ಯಾರಿಗೂ ಸ್ಪಷ್ಟ ಬಹುಮತ ಸಿಗದಿದ್ದಾಗ ನಡೆಸುವ ಎರಡನೇ ಸುತ್ತಿನ ಮತದಾನವೂ ಅದೇ.

ನಾಮಪದಗಳ ಮಾತು ಬಂತು. ನಮಗೆ ಚಿರಪರಿಚಿತವಾದದ್ದು ಕ್ರಿಕೆಟ್ಟಿನ ರನ್. ಮೊದಮೊದಲು ಅದನ್ನು 'ನಾಚ್' ಅನ್ನುತ್ತಿದ್ದರು, ಯಾಕೆಂದರೆ ಲೆಕ್ಕ ಇಡುವವರು ಒಂದು ಕೋಲಿನ ಮೇಲೆ ಕಚ್ಚು ಹಾಕುತ್ತಿದ್ದರು. ಆಮೇಲೆ ಎರಡು ವಿಕೆಟ್ಟುಗಳ ನಡುವಿನ ಓಟವೇ ಲೆಕ್ಕದ ಹೆಸರಾಯಿತು. ಹೆಸರು ಒಮ್ಮೆ ನೆಲೆಯಾದ ಮೇಲೆ ಓಟದ ಹಂಗೂ ಉಳಿಯಲಿಲ್ಲ. ಚೆಂಡು ಬೌಂಡರಿ ದಾಟಿದರೆ ಯಾರೂ ಕಾಲು ಎತ್ತದಿದ್ದರೂ ನಾಲ್ಕು ರನ್ ಬರುತ್ತದೆ, ನೋ ಬಾಲ್ ಹಾಕಿದರೂ ಬರುತ್ತದೆ. ಪದಗಳು ಹುಟ್ಟಿದ ಕಾರಣವನ್ನು ಮರೆತು ಬದುಕುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಣಕಾಸಿನಲ್ಲಿ 'ಬ್ಯಾಂಕ್ ರನ್' ಅಂತ ಒಂದಿದೆ. ಬ್ಯಾಂಕು ಮುಳುಗುತ್ತದೆ ಅನ್ನುವ ಭಯಕ್ಕೆ ಠೇವಣಿ ಇಟ್ಟವರೆಲ್ಲ ಒಟ್ಟಿಗೆ ಹಣ ವಾಪಸ್ ಕೇಳುವುದು. ಯಾವ ಬ್ಯಾಂಕೂ ಠೇವಣಿಯನ್ನೆಲ್ಲ ನಗದಾಗಿ ಇಟ್ಟುಕೊಂಡಿರುವುದಿಲ್ಲ, ಬಹುಪಾಲು ಸಾಲವಾಗಿ ಹೊರಗಿರುತ್ತದೆ, ಹಾಗಾಗಿ ಭಯ ಸುಳ್ಳಾಗಿದ್ದರೂ ಬ್ಯಾಂಕು ನಿಜಕ್ಕೂ ಮುಳುಗಬಹುದು. 2007ರಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಜನ ಉದ್ದುದ್ದ ಸಾಲು ನಿಂತದ್ದು ಇಂಥದ್ದೇ ರನ್. ಈಗ ಎರಡು ಮಾತನ್ನು ಪಕ್ಕಪಕ್ಕ ಇಡಿ: 'ಎ ರನ್ ಆನ್ ದ ಬ್ಯಾಂಕ್' ಅಂದರೆ ಬ್ಯಾಂಕಿನ ಮೇಲೆ ಜನ ಮುಗಿಬೀಳುವುದು, 'ಟು ರನ್ ಎ ಬ್ಯಾಂಕ್' ಅಂದರೆ ಬ್ಯಾಂಕು ನಡೆಸುವುದು.

ಉಳಿದವು ಸಲೀಸು. 'ಎ ರನ್ ಆಫ್ ಲಕ್' ಅಂದರೆ ಬೆನ್ನುಬೆನ್ನಿಗೆ ಒಲಿದ ಅದೃಷ್ಟ. 'ಪ್ರಿಂಟ್ ರನ್' ಅಂದರೆ ಒಂದು ಸಲಕ್ಕೆ ಅಚ್ಚಾಗುವ ಪ್ರತಿಗಳು. 'ಡ್ರೈ ರನ್' ಅಂದರೆ ಪೂರ್ವಾಭ್ಯಾಸ. 'ಆನ್ ದ ರನ್' ಅಂದರೆ ತಲೆಮರೆಸಿಕೊಂಡಿರುವುದು. 'ಇನ್ ದ ಲಾಂಗ್ ರನ್' ಅಂದರೆ ಕಾಲ ಕಳೆದಂತೆ, ಕೊನೆಗೆ ನೋಡಿದರೆ ಅಂತ. 'ದ ರನ್ಸ್' ಅಂತ ಬಹುವಚನದಲ್ಲಿ ಹೇಳಿದರೆ ಭೇದಿ, ಎಚ್ಚರ. ಸ್ಪರ್ಧೆಯಲ್ಲಿ ಎರಡನೇ ಸ್ಥಾನಕ್ಕೆ 'ರನ್ನರ್ ಅಪ್' ಅನ್ನುವುದು ಬೇಟೆನಾಯಿಗಳ ಪಂದ್ಯದ ಕಾಲದ್ದು. 'ಆಲ್ಸೋ ರ್‍ಯಾನ್' ಅಂದರೆ ಲೆಕ್ಕಕ್ಕಿಲ್ಲದ ಸ್ಪರ್ಧಿ. ಕುದುರೆ ಪಂದ್ಯದ ಫಲಿತಾಂಶದಲ್ಲಿ ಗೆದ್ದ ಕುದುರೆಗಳ ಕೆಳಗೆ 'ಇವೂ ಓಡಿದವು' ಅಂತ ಉಳಿದವುಗಳ ಹೆಸರು ಹಾಕುತ್ತಿದ್ದರು.

ಹೊರಗಿನಿಂದ ಬಂದು ಸೇರಿಕೊಂಡ ಜೋಡಿಗಳೂ ಇವೆ. 'ರನ್ ಅಮಾಕ್' ಅಂದರೆ ಹುಚ್ಚು ಹಿಡಿದವರ ಹಾಗೆ ಕಂಡಕಂಡವರ ಮೇಲೆ ಎರಗುವುದು. ಅಮಾಕ್ ಬಂದಿದ್ದು ಮಲಯ ಭಾಷೆಯ 'ಅಮುಕ್' ಪದದಿಂದ. 'ರನ್ ದ ಗಾಂಟ್ಲೆಟ್' ಅಂದರೆ ಎಲ್ಲ ಕಡೆಯಿಂದಲೂ ಟೀಕೆಯನ್ನೋ ಏಟನ್ನೋ ಎದುರಿಸುತ್ತಾ ಸಾಗುವುದು. ಇದು ಹಿಂದೆ ಸೈನ್ಯದಲ್ಲಿದ್ದ ಒಂದು ಶಿಕ್ಷೆ: ಎರಡು ಸಾಲು ಸೈನಿಕರು ಹೊಡೆಯುತ್ತಾ ನಿಂತಿರುತ್ತಿದ್ದರು, ತಪ್ಪಿತಸ್ಥ ಮಧ್ಯದಲ್ಲಿ ಓಡಬೇಕಿತ್ತು. ಮೂಲ ಸ್ವೀಡನ್ ಭಾಷೆಯ 'ಗಾತ್ಲೋಪ್'. ಗಾತ ಅಂದರೆ ಓಣಿ, ಲೋಪ್ ಅಂದರೆ ಓಟ. ಇಂಗ್ಲಿಷಿನವರಿಗೆ ಆ ಪದ ನಾಲಿಗೆಗೆ ಹತ್ತದೆ, ಮೊದಲೇ ಗೊತ್ತಿದ್ದ ಗಾಂಟ್ಲೆಟ್ ಎಂಬ ಕೈಗವಸಿನ ಹೆಸರಿಗೆ ಅದನ್ನು ಒಗ್ಗಿಸಿಕೊಂಡರು. ಶಿಕ್ಷೆಗೂ ಕೈಗವಸಿಗೂ ಯಾವ ಸಂಬಂಧವೂ ಇಲ್ಲ.

ಒಂದೇ ಪದ ಇಷ್ಟೊಂದು ಹೊರೆ ಯಾಕೆ ಹೊರಬೇಕು? ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಕಿಂಗ್ಸ್ಲಿ ಜಿಫ್ 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು: ಒಂದು ಪದವನ್ನು ಜನ ಎಷ್ಟು ಜಾಸ್ತಿ ಬಳಸುತ್ತಾರೋ, ಸಾಮಾನ್ಯವಾಗಿ ಅದಕ್ಕೆ ಅರ್ಥಗಳೂ ಅಷ್ಟು ಜಾಸ್ತಿ. ಚಿಕ್ಕ ಪದ, ಎಲ್ಲರಿಗೂ ಗೊತ್ತಿರುವ ಪದ, ಹೊಸ ಸಂದರ್ಭಕ್ಕೆ ಮೊದಲು ನಾಲಿಗೆಗೆ ಬರುವುದು ಅದೇ. ಒಂದೇ ಪದ ಹೀಗೆ ಸಂಬಂಧವಿರುವ ಹಲವು ಅರ್ಥಗಳನ್ನು ಹೊತ್ತಿರುವುದಕ್ಕೆ ಇಂಗ್ಲಿಷಿನಲ್ಲಿ 'ಪಾಲಿಸೆಮಿ' ಎಂಬ ಹೆಸರಿದೆ. ಬಾವಲಿಗೂ ಕ್ರಿಕೆಟ್ ದಾಂಡಿಗೂ ಇಂಗ್ಲಿಷಿನಲ್ಲಿ 'ಬ್ಯಾಟ್' ಅಂತಲೇ ಅನ್ನುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಅವು ಬೇರೆ ಬೇರೆ ಬೇರಿನಿಂದ ಬಂದು ಒಂದೇ ಉಚ್ಚಾರಣೆಗೆ ತಾಕಿಕೊಂಡ ಎರಡು ಪದಗಳು. 'ರನ್' ಹಾಗಲ್ಲ, ಮೂಗು ಸೋರುವುದರಿಂದ ಪ್ರೋಗ್ರಾಂ ನಡೆಯುವವರೆಗೆ ಒಂದೇ ಕುಟುಂಬ.

ಹಾಗಾದರೆ ಓದುವಾಗ ಗುರುತಿಸುವುದು ಹೇಗೆ? ರನ್ ಪದವನ್ನೇ ದಿಟ್ಟಿಸಿ ಪ್ರಯೋಜನ ಇಲ್ಲ, ಅದರ ಅಕ್ಕಪಕ್ಕ ನೋಡಬೇಕು. 'ಶಿ ರನ್ಸ್ ಟು ಸ್ಕೂಲ್' ಅಂದರೆ ಶಾಲೆಗೆ ಓಡುತ್ತಾಳೆ. 'ಶಿ ರನ್ಸ್ ಎ ಸ್ಕೂಲ್' ಅಂದರೆ ಶಾಲೆ ನಡೆಸುತ್ತಾಳೆ. ನಡುವೆ ಇರುವ ವ್ಯತ್ಯಾಸ ಒಂದು 'ಟು' ಮಾತ್ರ. ರನ್ ನಂತರ ನೇರವಾಗಿ ಒಂದು ವಸ್ತು ಬಂದರೆ ನಡೆಸು, ಚಾಲೂ ಮಾಡು, ಹರಿಸು ಈ ಕಡೆಯ ಅರ್ಥ ಇರುವ ಸಾಧ್ಯತೆ ಹೆಚ್ಚು. ಗುಣವಾಚಕ ಬಂದರೆ 'ಆಗು'. ಔಟ್, ಇನ್‌ಟು ಥರದ್ದು ಬಂದರೆ ಎರಡನ್ನೂ ಸೇರಿಸಿ ಒಂದೇ ಪದ ಅಂತ ಓದಿ. ನಿರ್ಜೀವ ವಸ್ತು ರನ್ ಆಗುತ್ತಿದ್ದರೆ ಅದು ಹರಿಯುತ್ತಿದೆಯೋ, ಚಾಚಿದೆಯೋ, ಕೆಲಸ ಮಾಡುತ್ತಿದೆಯೋ ನೋಡಿ. ಎಲ್ಲದಕ್ಕೂ ಸರಿಹೊಂದುವ ಸೂತ್ರ ಇದಲ್ಲ, ಆದರೆ ಬಹಳಷ್ಟು ಕಡೆ ದಾರಿ ತೋರುತ್ತದೆ. ಜೊತೆಪದಗಳನ್ನು ಬಿಟ್ಟು ಬರೀ 'ರನ್' ಅಂತ ಕಲಿಸುವುದು ಮಕ್ಕಳಿಗೂ ದೊಡ್ಡವರಿಗೂ ಅರ್ಧ ಪಾಠ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬರೆಯುವಾಗ ಕನ್ನಡಿಗರು ಎಡವುವ ಜಾಗಗಳು ಬೇರೆ. ನಾವು ಕಾರು ಓಡಿಸುತ್ತೇವೆ, ಹಾಗಂತ ಸುಮ್ನೆ 'ಐ ರನ್ ಎ ಕಾರ್' ಅಂತ ಬರೆದರೆ ಅರ್ಥ ಕೆಡುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದು ಕಾರು ಇಟ್ಟುಕೊಂಡು ಅದರ ಖರ್ಚು ನಿಭಾಯಿಸುತ್ತೇನೆ ಅನ್ನುವ ಮಾತು. ಓಡಿಸುವುದಕ್ಕೆ 'ಡ್ರೈವ್', ಬೈಕು ಸೈಕಲ್ಲಿಗೆ 'ರೈಡ್'. ಆದರೆ 'ರನ್ ಮಿ ಟು ದ ಸ್ಟೇಷನ್' ಅಂದರೆ ಗಾಡಿಯಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟು ಬಾ ಅಂತ, ಅದು ಸರಿ. ರೂಪದಲ್ಲೂ ಒಂದು ತೊಡಕಿದೆ. ಇಂದು ರನ್, ನಿನ್ನೆ ರ್‍ಯಾನ್, ಹ್ಯಾವ್ ಹ್ಯಾಸ್ ಹ್ಯಾಡ್ ಜೊತೆ ಮತ್ತೆ ರನ್. 'ಐ ಹ್ಯಾವ್ ರ್‍ಯಾನ್' ಅಂತ ಬರೆಯುವುದು ಬಹಳ ಸಾಮಾನ್ಯ ತಪ್ಪು. ಇನ್ನೊಂದು, ಲೆಕ್ಕದ ನಂತರ ಬರುವ 'ರನ್ನಿಂಗ್'. 'ಇಟ್ ರೇನ್ಡ್ ತ್ರೀ ಡೇಸ್ ರನ್ನಿಂಗ್' ಅಂದರೆ ಸತತ ಮೂರು ದಿನ ಮಳೆ ಬಂತು. ಇದರಲ್ಲಿ 'ರನ್ನಿಂಗ್' ಯಾವಾಗಲೂ ದಿನ, ವಾರ, ವರ್ಷದ ನಂತರವೇ ಬರಬೇಕು. ಮೊದಲಿಗೆ ತಂದು 'ತ್ರೀ ರನ್ನಿಂಗ್ ಡೇಸ್' ಅಂದರೆ ಆ ಅರ್ಥ ಬರುವುದಿಲ್ಲ, ಕೇಳಿದವರು ಓಟದ ಅಭ್ಯಾಸಕ್ಕೆ ಇಟ್ಟುಕೊಂಡ ಮೂರು ದಿನ ಅಂತ ತಿಳಿಯುತ್ತಾರೆ.